ಹೆಸರಿಲ್ಲದವರ ಹೆಸರು

ಪ್ರಾಥಮಿಕ ಶಾಲೆಯ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದವರೆಲ್ಲರಿಗೂ ರಾಮನು ಪರಿಚಿತನೇ ಸರಿ. ಅವನ ಬಳಿ ಹತ್ತು ಮಾವಿನ ಹಣ್ಣುಗಳಿರುತ್ತವೆ. ಅವುಗಳಲ್ಲಿ ನಾಲ್ಕನ್ನು ಅವನು ಸೋಮನಿಗೆ ಕೊಡುತ್ತಾನೆ. ಉಳಿದುವೆಷ್ಟು ಎಂಬುದನ್ನು ನಾವು ಹೇಳಬೇಕು. ಈ ರಾಮನು ಯಾವ ಊರಿನವನು, ಇವನ ತಂದೆ ಯಾರು, ಸೋಮನ ಮೇಲೆ ಇವನಿಗೆ ಇಷ್ಟೊಂದು ವಿಶ್ವಾಸವೇಕೆ ಎಂದು ಯಾವ ಬಾಲಕನೂ ಕೇಳುವುದಿಲ್ಲ. ಕೇಳಿದರೆ ಉಪಾಧ್ಯಾಯರಿಗೆ ಕೋಪ ಬಂದೀತು. ರಾಮನೆಂದರೆ ಯಾರೂ ಅಲ್ಲ; ಆದುದರಿಂದಲೇ ಅವನು ಯಾರು ಬೇಕಾದರೂ ಆಗಬಹುದು.

ಇಂಥ ಹೆಸರುಗಳಿಲ್ಲದೆ ಲೋಕವ್ಯವಹಾರವು ಒಂದು ದಿನವೂ ಸಾಗಲಾರದು. ದಸ್ತಾವೇಜಿನ ಮಾದರಿಯನ್ನು ತೋರಿಸಬೇಕಾದವನು "ಇಂಥಾ ತಾಲ್ಲೂಕು ಇಂಥಾ ಗ್ರಾಮದಲ್ಲಿರುವ ಇಂಥವರ ಬಿನ್ ಇಂಥವರು" ಎಂದು ಬರೆಯುತ್ತಾನೆ. ಹೆಂಗಸಿನ ಹೆಸರು ಬರಬೇಕಾದ ಎಡೆಯಲ್ಲಿ "ಇಂಥವರ ಕೋಂ" ಎಂದಿರುತ್ತದೆ. ಅಂದರೆ ಇಂಥವರ ಹೆಂಡತಿ. ಊರಿನ ಹರಟೆಯಲ್ಲಿ "ಎಂಕ, ನಾಣಿ, ಸೀನ ಎಲ್ಲರೂ ಬಂದಿದ್ದರು" ಎಂದರೆ ಗಣ್ಯರಾರೂ ಬಂದಿರಲಿಲ್ಲವೆಂದೇ ಅರ್ಥ. ಇವೆಲ್ಲವೂ ಖಾಲಿ ಪಾತ್ರೆಗಳು, ಬೇಕಾದುದನ್ನು ತುಂಬಿಕೊಳ್ಳಬಹುದು ಎಂದು ನಾವು ಭಾವಿಸುತ್ತೇವೆ. ಆದರೆ ಪಾತ್ರೆಯು ಖಾಲಿಯಾಗಿದ್ದರೂ ಅದಕ್ಕೆ ಆಕಾರವೊಂದು ಇದ್ದೇ ಇರುತ್ತದಷ್ಟೆ. ವೆಂಕಟ, ನಾರಾಯಣ, ಶ್ರೀನಿವಾಸ ಎಂಬ ಹೆಸರುಗಳು ಸವೆದು ಎಂಕ, ನಾಣಿ, ಸೀನ ಆಗಬೇಕಾದರೆ ಆ ಮಾತು ಯಾವ ಬೀದಿಯಲ್ಲಿ ಹುಟ್ಟಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. "ಯಾರಾದರೊಬ್ಬನು" ಎಂದು ಒಂದು ಸಮಾಜವು ನುಡಿಯುವಾಗ ಅದರ ಕಣ್ಣ ಮುಂದೆ ಬಂದು ನಿಲ್ಲುವವನು ಯಾರು? ಬಾರದೆ ಉಳಿಯುವವರು ಯಾರು? ಚರಿತ್ರೆಯನ್ನು ಓದುವವನಿಗೆ ಈ ಪ್ರಶ್ನೆಯು ಅಲ್ಪವಾದುದಲ್ಲ.

ಮೊದಲು ನಮ್ಮ ದೇಶದ ಪ್ರಾಚೀನ ವಿದ್ಯೆಯನ್ನೇ ತೆಗೆದುಕೊಳ್ಳೋಣ. ಸಂಸ್ಕೃತವನ್ನು ಕ್ರಮವಾಗಿ ಅಭ್ಯಾಸ ಮಾಡಿದವರಿಗೆ ದೇವದತ್ತನು ಹಳೆಯ ಗೆಳೆಯ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಪತಂಜಲಿಯ ಮಹಾಭಾಷ್ಯದಲ್ಲಿಯೇ ಅವನು ಯಜ್ಞದತ್ತನೊಡನೆ ಕಾಣಿಸಿಕೊಳ್ಳುತ್ತಾನೆ. ವ್ಯಾಕರಣದಲ್ಲಿ ಅವನು ಅನ್ನವನ್ನು ಬೇಯಿಸುತ್ತಾನೆ, ಊರಿಗೆ ಹೋಗುತ್ತಾನೆ. ಮೀಮಾಂಸೆಯಲ್ಲಿ ಅವನು ಹಗಲು ಉಣ್ಣದಿದ್ದರೂ ದಪ್ಪಗಿರುತ್ತಾನೆ. ಆದುದರಿಂದ ರಾತ್ರಿ ಉಣ್ಣುತ್ತಿರಬೇಕೆಂದು ಊಹಿಸುವುದೇ ಅರ್ಥಾಪತ್ತಿಯೆಂಬ ಪ್ರಮಾಣಕ್ಕೆ ನಿದರ್ಶನ. ವೇದಾಂತದಲ್ಲಿ, ಹಿಂದೆ ಎಲ್ಲಿಯೋ ಕಂಡ ದೇವದತ್ತನೇ ಇವನು ಎಂಬ ಗುರುತಿನ ಮೂಲಕ ಜೀವಬ್ರಹ್ಮರ ಐಕ್ಯವನ್ನು ವಿವರಿಸುವುದುಂಟು. ನೈಯಾಯಿಕರಿಗೆ ಚೈತ್ರ, ಮೈತ್ರರೆಂಬ ಬೇರೆ ಇಬ್ಬರು ಇದ್ದರು. ಅರ್ಥವೇ ಇಲ್ಲದ ಹೆಸರು ಬೇಕಾದಾಗ ವೈಯಾಕರಣರು ಡಿತ್ಥ, ಡವಿತ್ಥ ಎಂಬ ಶಬ್ದಗಳನ್ನು ಬಳಸಿದರು. ಎರಡು ಸಹಸ್ರ ವರ್ಷಗಳಿಗಿಂತ ಹೆಚ್ಚು ಕಾಲ ಉಂಡು, ನಡೆದು, ಕೃಶನಾಗದೆ ಬದುಕಿದ ದೇವದತ್ತನ ಆಯುಸ್ಸು ಯಾವ ಚಕ್ರವರ್ತಿಗೂ ಲಭಿಸಲಿಲ್ಲ.

ಆದರೆ ಈತನು ನಿಜವಾಗಿಯೂ ಯಾರು ಬೇಕಾದರೂ ಆಗಿದ್ದನೆ? ದೇವರು ಕೊಟ್ಟವನು ಎಂಬುದು ದೇವದತ್ತನ ಅರ್ಥ. ಯಜ್ಞದಿಂದ ಲಭಿಸಿದವನು ಯಜ್ಞದತ್ತ. ಇವು ಮಂಗಳಕರವಾದ ಹೆಸರುಗಳು. ಮನುಸ್ಮೃತಿಯು ನಾಮಕರಣದ ವಿಷಯದಲ್ಲಿ ಬ್ರಾಹ್ಮಣನ ಹೆಸರು ಮಂಗಳವನ್ನೂ, ಕ್ಷತ್ರಿಯನದು ಬಲವನ್ನೂ, ವೈಶ್ಯನದು ಧನವನ್ನೂ ಸೂಚಿಸಬೇಕೆಂದು ವಿಧಿಸಿ, ಶೂದ್ರನ ಹೆಸರು ತಿರಸ್ಕಾರವನ್ನು ಸೂಚಿಸತಕ್ಕದ್ದೆಂದು ಹೇಳುತ್ತದೆ. ಹೆಸರೇ ಅಂತಸ್ತನ್ನು ಸಾರಬೇಕೆಂದು ವಿಧಿಯಿದ್ದಲ್ಲಿ ಉದಾಹರಣೆಯ ಮನುಷ್ಯನೂ ಅಂತಸ್ತಿಗೆ ಹೊರಗಾಗಿ ನಿಲ್ಲಲಾರನು. ಕರ್ಮವನ್ನು ಮಾಡಿಸುವ ಪುರೋಹಿತರ ಪುಸ್ತಕಗಳಲ್ಲಿ ಹೆಸರಿನ ಸ್ಥಾನದಲ್ಲಿ "ಅಮುಕ" ಎಂದಿರುತ್ತದೆ. ಆದರೆ ಆ ಅಮುಕನ ಹಿಂದೆ ಗೋತ್ರವೂ, ಮುಂದೆ "ಶರ್ಮ" ಎಂಬ ಶಬ್ದವೂ ಸಿದ್ಧವಾಗಿಯೇ ಕುಳಿತಿರುತ್ತವೆ.

ಇದು ನಮ್ಮ ದೇಶದವರದೊಂದೇ ಸ್ವಭಾವವೆಂದು ತಿಳಿಯಬಾರದು. ಅರಬ್ಬೀ ವ್ಯಾಕರಣದಲ್ಲಿ ಜೈದನೂ ಅಮ್ರನೂ ನಮ್ಮ ದೇವದತ್ತ ಯಜ್ಞದತ್ತರಂತೆಯೇ ಪ್ರಸಿದ್ಧರು. ಕರ್ತೃ ಕರ್ಮಗಳನ್ನು ವಿವರಿಸುವುದಕ್ಕಾಗಿ ಜೈದನು ಅಮ್ರನನ್ನು ಶತಮಾನಗಳಿಂದ ಹೊಡೆಯುತ್ತಲೇ ಬಂದಿದ್ದಾನೆ. ಅಮ್ರನು ಮಾಡಿದ ಅಪರಾಧವೇನೆಂಬುದನ್ನು ಯಾರೂ ತಿಳಿಸಿಲ್ಲ. ಇಂಥವನು ಎಂಬರ್ಥದ "ಫುಲಾನ್" ಎಂಬ ಅರಬ್ಬೀ ಶಬ್ದವು ಆ ಜನರೊಡನೆ ಎರಡು ದಿಕ್ಕುಗಳಿಗೂ ಪ್ರಯಾಣ ಮಾಡಿತು. ಪಶ್ಚಿಮದಲ್ಲಿ ಸ್ಪೇನ್ ದೇಶದ ಭಾಷೆಯಲ್ಲಿ ಅದು "ಫುಲಾನೊ" ಎಂದಾಯಿತು. ಪೂರ್ವದಲ್ಲಿ ಹಿಂದೂಸ್ತಾನಿಯಲ್ಲಿ "ಫಲಾನಾ" ಎಂದಾಯಿತು. ರಾಜ್ಯಗಳು ಅಳಿದುವು, ಹೆಸರಿಲ್ಲದವನ ಹೆಸರು ಉಳಿಯಿತು.

ವ್ಯಾಕರಣದ ದೇವದತ್ತನಿಂದ ಯಾರ ಹೊಲಮನೆಗೂ ಹಾನಿಯಿಲ್ಲ. ನ್ಯಾಯಶಾಸ್ತ್ರಕ್ಕೆ ಬಂದರೆ ವಿಷಯವು ಹೆಚ್ಚು ಗಂಭೀರವಾಗುತ್ತದೆ. ರೋಮನರ ಧರ್ಮಶಾಸ್ತ್ರಜ್ಞರು ವ್ಯಾಜ್ಯಗಳನ್ನು ವಿವರಿಸುವಾಗ ಟಿಟಿಯಸ್, ಸೇಯಸ್, ಮೇವಿಯಸ್ ಎಂಬ ಹೆಸರುಗಳನ್ನು ಬಳಸುತ್ತಿದ್ದರು. ಕ್ರಿ.ಶ. ಎರಡನೆಯ ಶತಮಾನದ ಗಾಯಸನ ಗ್ರಂಥದಲ್ಲಿ ವಾದಿಗೆ ಆಲಸ್ ಅಗೇರಿಯಸ್ ಎಂದೂ ಪ್ರತಿವಾದಿಗೆ ನ್ಯೂಮೇರಿಯಸ್ ನೆಗಿಡಿಯಸ್ ಎಂದೂ ಹೆಸರು. ಮೊದಲನೆಯದರಲ್ಲಿ ದಾವೆ ಹೂಡುವುದೆಂಬ ಧಾತುವೂ, ಎರಡನೆಯದರಲ್ಲಿ ಹಣ ತೆರುವುದು ಮತ್ತು ಇಲ್ಲವೆನ್ನುವುದು ಎಂಬ ಎರಡು ಧಾತುಗಳೂ ಅಡಗಿವೆ. ಹಣ ತೆರಬೇಕಾದವನು ಇಲ್ಲವೆನ್ನುವುದು ನಮ್ಮ ಕಾಲಕ್ಕೆ ಮಾತ್ರ ಸಂಬಂಧಿಸಿದ ಗುಣವಲ್ಲವೆಂಬುದನ್ನು ಇದರಿಂದ ತಿಳಿಯಬಹುದು. ಈ ಗ್ರಂಥವು ಬಹುಕಾಲ ಕಣ್ಮರೆಯಾಗಿದ್ದು ೧೮೧೬ರಲ್ಲಿ ಇಟಲಿಯ ವೆರೋನಾ ನಗರದಲ್ಲಿ ನೀಬೂರ್ ಎಂಬ ಚರಿತ್ರಕಾರನಿಗೆ ದೊರೆಯಿತು.

ಇವರೆಲ್ಲರೂ ಸ್ವತಂತ್ರ ಪ್ರಜೆಗಳು. ಆದರೆ ೫೩೩ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಆಜ್ಞೆಯಂತೆ ಪ್ರಕಟವಾದ ಧರ್ಮಸಂಗ್ರಹವನ್ನು ನೋಡಿದರೆ ಅಲ್ಲಿ ಮತ್ತೊಂದು ಹೆಸರು ಪದೇ ಪದೇ ಕಣ್ಣಿಗೆ ಬೀಳುತ್ತದೆ: ಸ್ಟಿಕಸ್. ಒಬ್ಬನು ಮತ್ತೊಬ್ಬನಿಗೆ ಸ್ಟಿಕಸನನ್ನಾಗಲಿ ಪಾಂಫಿಲಸನನ್ನಾಗಲಿ ಕೊಡುವೆನೆಂದು ಮಾತು ಕೊಟ್ಟನು, ಅಷ್ಟರಲ್ಲಿ ಸ್ಟಿಕಸನು ಸತ್ತನು, ಈಗ ಕೊಡಬೇಕಾದುದೇನು? ಇಂಥ ಪ್ರಶ್ನೆಗಳನ್ನು ಆ ಪಂಡಿತರು ಬಹು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಸ್ಟಿಕಸನು ಗುಲಾಮ. ಅವನ ಹೆಸರು ಗ್ರೀಕ್ ಹೆಸರು. ಟಿಟಿಯಸನು ಒಂದು ಉದಾಹರಣೆಯಲ್ಲಿ ಸಾಲ ಕೊಟ್ಟವನಾದರೆ ಇನ್ನೊಂದರಲ್ಲಿ ಸಾಲಗಾರನಾದಾನು. ಒಂದು ಕಡೆ ಕೊಂಡರೆ ಮತ್ತೊಂದು ಕಡೆ ಮಾರಿಯಾನು. ಆದರೆ ಸ್ಟಿಕಸನು ಟಿಟಿಯಸನನ್ನು ಕೊಂಡ ಉದಾಹರಣೆಯನ್ನು ಅಲ್ಲಿ ಹುಡುಕುವುದು ವ್ಯರ್ಥ. ಕಲ್ಪನೆಗೆ ಖರ್ಚಿಲ್ಲವೆನ್ನುತ್ತಾರೆ. ಖರ್ಚಿಲ್ಲದ ಕಲ್ಪನೆಯಲ್ಲಿಯೂ ಮನುಷ್ಯನು ತನ್ನ ಸಮಾಜದ ಬೇಲಿಯನ್ನು ದಾಟುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿಲ್ಲ.

ಇನ್ನು ಇಂಗ್ಲೆಂಡಿನ ಜಾನ್ ಡೋ ಎಂಬುವನ ವೃತ್ತಾಂತ. ಭೂಮಿಯ ಹಕ್ಕನ್ನು ಸ್ಥಾಪಿಸುವುದಕ್ಕೆ ಆ ದೇಶದಲ್ಲಿದ್ದ ಹಳೆಯ ದಾವೆಗಳು ಬಹು ನಿಧಾನವಾದುವು, ತೊಡಕಾದುವು. ಅವುಗಳಲ್ಲಿ ಕೆಲವಕ್ಕೆ ದ್ವಂದ್ವಯುದ್ಧದಿಂದ ತೀರ್ಪನ್ನು ಪಡೆಯುವ ಕ್ರಮವೂ ಇದ್ದಿತು. ಗೇಣಿದಾರನನ್ನು ಯಾರಾದರೂ ಹೊರದೂಡಿದರೆ ಅವನಿಗೆ ಮಾತ್ರ ಬೇಗನೆ ತೀರುವ ದಾವೆಯೊಂದಿದ್ದಿತು. ಭೂಮಾಲಿಕರಿಗೂ ಈ ಸುಲಭಮಾರ್ಗವೇ ಬೇಕಾಯಿತು. ಹದಿನೇಳನೆಯ ಶತಮಾನದಲ್ಲಿ ವಕೀಲರು ಇದಕ್ಕೆ ಚಮತ್ಕಾರವಾದ ಉಪಾಯವನ್ನು ಕಂಡುಹಿಡಿದರು. ಭೂಮಿ ತನ್ನದೆನ್ನುವವನು ಅದನ್ನು ಜಾನ್ ಡೋ ಎಂಬುವನಿಗೆ ಗುತ್ತಿಗೆಗೆ ಕೊಟ್ಟಿರುವುದಾಗಿ ಹೇಳುತ್ತಿದ್ದನು. ಡೋ ಆ ಭೂಮಿಯನ್ನು ಪ್ರವೇಶಿಸಲಾಗಿ ರಿಚರ್ಡ್ ರೋ ಎಂಬುವನು ಅವನನ್ನು ಬಲಾತ್ಕಾರದಿಂದ ಹೊರದೂಡಿದನೆಂದು ಫಿರ್ಯಾದು. ಆಮೇಲೆ ಈ ರೋ ಎಂಬುವನು ಭೂಮಿಯಲ್ಲಿ ನಿಜವಾಗಿ ವಾಸವಾಗಿರುವವನಿಗೆ, ತನಗೆ ಆ ಭೂಮಿಯ ಮೇಲೆ ಯಾವ ಹಕ್ಕೂ ಇಲ್ಲವೆಂದೂ, ಬೇಕಾದರೆ ತಾವೇ ಬಂದು ವಾದಿಸಬಹುದೆಂದೂ ಪ್ರೀತಿಪೂರ್ವಕವಾಗಿ ಒಂದು ಕಾಗದವನ್ನು ಬರೆಯುತ್ತಿದ್ದನು. ವಾದಿಸಲು ಬಂದವನು ಮೊದಲು ಈ ಗುತ್ತಿಗೆ, ಪ್ರವೇಶ, ಬಲಾತ್ಕಾರ ಮೂರೂ ನಡೆದುವೆಂದು ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿದ ಮೇಲೆ ಭೂಮಿ ನಿಜವಾಗಿ ಯಾರದೆಂಬ ಪ್ರಶ್ನೆಯೊಂದೇ ಉಳಿಯುತ್ತಿತ್ತು. ಡೋ ಇಲ್ಲ, ರೋ ಇಲ್ಲ, ಗುತ್ತಿಗೆಯಿಲ್ಲ, ಜಗಳವಿಲ್ಲ. ಇದು ಸುಳ್ಳೆಂಬುದು ನ್ಯಾಯಾಧೀಶನಿಗೂ ಗೊತ್ತು, ವಕೀಲರಿಗೂ ಗೊತ್ತು, ಕಕ್ಷಿಗಾರರಿಗೂ ಗೊತ್ತು. ಸತ್ಯವನ್ನು ಹುಡುಕುವುದಕ್ಕಾಗಿ ಸಮಸ್ತರೂ ಸೇರಿ ಒಂದು ಅಸತ್ಯಕ್ಕೆ ತಲೆಬಾಗುತ್ತಿದ್ದರು.

ಜಾನ್ ಡೋ ಸಮುದ್ರವನ್ನು ದಾಟಿ ನಮ್ಮ ದೇಶಕ್ಕೂ ಬಂದನು. ೧೭೭೪ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಸುಪ್ರೀಂ ಕೋರ್ಟಿನ ವರದಿಗಳಲ್ಲಿ ಬಂಗಾಳದ ಮನೆತನಗಳ ಭೂವ್ಯಾಜ್ಯಗಳಿಗೂ ವಾದಿಯ ಜಾಗದಲ್ಲಿ ಡೋ ಎಂಬ ಹೆಸರೇ ಇದೆ. ಹೂಗ್ಲಿ ನದಿಯ ದಡದ ಮನೆಯೊಂದಕ್ಕಾಗಿ ಎಂದೂ ಹುಟ್ಟದಿದ್ದ ಆಂಗ್ಲನೊಬ್ಬನು ದಾಯಾದಿಗಳ ನಡುವೆ ಹೋರಾಡಿದನು! ಇಂಗ್ಲೆಂಡಿನಲ್ಲಿ ೧೮೫೨ರ ಕಾಯಿದೆಯು ಈ ಕಟ್ಟುಕಥೆಯನ್ನು ಕೊನೆಗಾಣಿಸಿತು. ಕಾಯಿದೆಯಿಂದ ಸತ್ತವನು ಮಾತಿನಲ್ಲಿ ಸಾಯಲಿಲ್ಲ. ಅಮೆರಿಕದಲ್ಲಿ ಗುರುತು ಸಿಕ್ಕದ ಶವಕ್ಕೆ ಇಂದಿಗೂ ಜಾನ್ ಡೋ, ಹೆಂಗಸಾದರೆ ಜೇನ್ ಡೋ ಎಂಬ ಹೆಸರನ್ನೇ ಇಡುತ್ತಾರೆ. ಭಾರತದಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ೨೦೦೨ರಲ್ಲಿ, ಪಂದ್ಯಗಳ ಪ್ರಸಾರವನ್ನು ಅನುಮತಿಯಿಲ್ಲದೆ ತೋರಿಸಬಹುದಾದ ಅಜ್ಞಾತ ವ್ಯಕ್ತಿಗಳ ವಿರುದ್ಧ ಇದೇ ಮಾದರಿಯ ತಡೆಯಾಜ್ಞೆಯನ್ನು ನೀಡಿತು. ಇಂಥ ಆಜ್ಞೆಗಳಿಗೆ ಈಗ ನಮ್ಮಲ್ಲಿ ಅಶೋಕ್ ಕುಮಾರ್ ಆಜ್ಞೆಗಳೆಂದು ಹೆಸರು. ಡೋ ಭಾರತದ ಪ್ರಜೆಯಾದನು; ಅದರಲ್ಲಿಯೂ ಉತ್ತರದೇಶದವನಾದನು. ಬೋರೇಗೌಡ ಆಜ್ಞೆಯೆಂದಾಗಲಿ ಮಾದಮ್ಮ ಆಜ್ಞೆಯೆಂದಾಗಲಿ ಹೇಳುವುದು ಯಾರಿಗೂ ತೋರಲಿಲ್ಲ.

ಇಷ್ಟು ಹೊತ್ತು ನಾನು ಹೇಳಿದುದು ಮನುಷ್ಯನಿಲ್ಲದ ಹೆಸರುಗಳ ವಿಚಾರ. ಇದಕ್ಕೆ ಇನ್ನೊಂದು ಮುಖವುಂಟು: ಹೆಸರಿಲ್ಲದ ಮನುಷ್ಯರ ವಿಚಾರ. ಮೊದಲನೆಯದು ವಿನೋದವಾದರೆ ಎರಡನೆಯದು ಹಾಗಲ್ಲ. ಇವೆರಡೂ ಒಂದೇ ಎಡೆಯಲ್ಲಿ ಸಂಧಿಸುವುದನ್ನು ನೋಡಬೇಕಾದರೆ ಸಿಪಾಯಿಯ ಕಡೆಗೆ ತಿರುಗಬೇಕು.

ಬ್ರಿಟಿಷ್ ಸೈನ್ಯ ಇಲಾಖೆಯವರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಸಿಪಾಯಿಗಳು ತುಂಬಬೇಕಾದ ನಮೂನೆಗಳಲ್ಲಿ ಮಾದರಿಗಾಗಿ ಥಾಮಸ್ ಅಟ್ಕಿನ್ಸ್ ಎಂಬ ಹೆಸರನ್ನು ಬರೆದಿದ್ದರು. ಆ ಹೆಸರೇ ಟಾಮಿ ಎಂದಾಗಿ ಸಾಮಾನ್ಯ ಆಂಗ್ಲ ಸಿಪಾಯಿಗೆ ಅಂಟಿಕೊಂಡಿತು. ೧೮೯೦ರಲ್ಲಿ ಕಿಪ್ಲಿಂಗನು ಆ ಹೆಸರಿನಿಂದಲೇ ಒಂದು ಪದ್ಯವನ್ನು ಬರೆದು, ಯುದ್ಧದಲ್ಲಿ ಬೇಕಾದವನು ಶಾಂತಿಕಾಲದಲ್ಲಿ ಬೇಡವಾಗುವುದನ್ನು ಆಡಿತೋರಿಸಿದನು. ಮೊದಲನೆಯ ಮಹಾಯುದ್ಧದ ತರುವಾಯ, ೧೯೨೦ರ ನವೆಂಬರ್ ೧೧ರಂದು, ಗುರುತು ತಿಳಿಯದ ಒಬ್ಬ ಯೋಧನ ದೇಹವನ್ನು ದೊರೆಗಳೂ ಕವಿಗಳೂ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸಮಾಧಿ ಮಾಡಿದರು. ಹೆಸರಿಲ್ಲದ ಆ ಒಬ್ಬನಲ್ಲಿ ಮಗನನ್ನು ಕಳೆದುಕೊಂಡ ಪ್ರತಿಯೊಬ್ಬ ತಾಯಿಯೂ ತನ್ನ ಮಗನನ್ನು ಕಾಣಬಹುದಾಗಿತ್ತು. ಇದು ಉದಾತ್ತವಾದ ಭಾವನೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಅದೇ ಯುದ್ಧದಲ್ಲಿ ಮೆಸೊಪೊಟೇಮಿಯದ ಮರಳಿನಲ್ಲಿ ಮಡಿದ ಭಾರತೀಯ ಸಿಪಾಯಿಗಳ ಗತಿಯೇನು? ೧೯೨೯ರಲ್ಲಿ ಬಸ್ರಾದಲ್ಲಿ ಕಟ್ಟಿದ ಸ್ಮಾರಕದಲ್ಲಿ ಬ್ರಿಟಿಷ್ ಯೋಧರ ಹೆಸರುಗಳನ್ನು ಕೆತ್ತಿದರು; ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಮಾತ್ರ, ಇಂಥ ದಳದಲ್ಲಿ ಇಷ್ಟು ಮಂದಿಯೆಂದು ಸಂಖ್ಯೆಯನ್ನು ಕೆತ್ತಿದರು. ಅವರಿಗೆ ಹೆಸರುಗಳಿದ್ದುವು. ತಾಯಿತಂದೆಗಳು ತೊಟ್ಟಿಲಲ್ಲಿಟ್ಟು ಕೂಗಿದ ಹೆಸರುಗಳು. ಯುದ್ಧಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ ೨೦೨೧ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆ ಯುದ್ಧದಲ್ಲಿ ಮಡಿದ ಏಷ್ಯಾ ಆಫ್ರಿಕಗಳವರಲ್ಲಿ ಕಡಿಮೆಯೆಂದರೂ ೧,೧೬,೦೦೦ ಮಂದಿ, ಪ್ರಾಯಶಃ ೩,೫೦,೦೦೦ದವರೆಗೆ, ಹೆಸರಿನಿಂದ ಸ್ಮರಿಸಲ್ಪಡಲಿಲ್ಲ ಅಥವಾ ಸ್ಮರಿಸಲ್ಪಡಲೇ ಇಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಎಂದೂ ಇಲ್ಲದ ಟಾಮಿ ಅಟ್ಕಿನ್ಸನಿಗೆ ಹೆಸರಿದ್ದಿತು. ಇದ್ದು ಸತ್ತ ಸಿಪಾಯಿಗೆ ಸಂಖ್ಯೆಯಷ್ಟೇ ದಕ್ಕಿತು.

ಪರರ ತಪ್ಪನ್ನು ಎತ್ತಿ ಆಡುವುದು ಸುಲಭ. ನಮ್ಮ ನಾಡಿನ ಕಲ್ಲುಗಳು ಏನು ಹೇಳುತ್ತವೆಂಬುದನ್ನೂ ಕೇಳಬೇಕು. ಈ ವಿಷಯದಲ್ಲಿ ಕನ್ನಡಿಗನು ಸ್ವಲ್ಪ ಹೆಮ್ಮೆಪಡುವುದಕ್ಕೆ ಕಾರಣವುಂಟು. ನಮ್ಮ ವೀರಗಲ್ಲುಗಳು ರಾಜರಿಗಾಗಿ ನಿಂತವುಗಳಲ್ಲ. ಊರಿನ ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡಗಟ್ಟಿ ಸತ್ತವನು, ಕಳ್ಳರೊಡನೆ ಕಾದಿ ಬಿದ್ದವನು, ಹೆಂಗಸರ ಮಾನವನ್ನು ಕಾಪಾಡಲು ಹೋಗಿ ಮಡಿದವನು, ಇಂಥವರ ಹೆಸರುಗಳನ್ನು ಅವು ಉಳಿಸಿಕೊಟ್ಟಿವೆ. ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಿ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ಹೆಸರು ಕೂಡ ಕಲ್ಲಿನಲ್ಲಿ ನಿಂತಿದೆ. ೧೦೫೭ರ ಬೆಳತೂರಿನ ಶಾಸನವು ದೇಕಬ್ಬೆಯೆಂಬ ಹೆಂಗಸಿನ ಕಥೆಯನ್ನು ಹೇಳುತ್ತದೆ. ಅವಳ ಗಂಡನಾದ ಏಚನು ಚೋಳರಾಜನ ಆಜ್ಞೆಯಿಂದ ಮಡಿದನು. ತಾಯಿತಂದೆಗಳು ಬೇಡವೆಂದು ಬೇಡಿಕೊಂಡರೂ ಕೇಳದೆ ಅವಳು ಬೆಂಕಿಯನ್ನು ಹೊಕ್ಕಳು. ಆ ಆಚಾರವನ್ನು ನಾವು ಇಂದು ಮೆಚ್ಚುವುದಿಲ್ಲ, ಮೆಚ್ಚತಕ್ಕದ್ದೂ ಅಲ್ಲ. ಆದರೂ ಅವಳಿಗೆ ಹೆಸರಿದೆ. ಅವಳ ತಂದೆಯ ಹೆಸರಿದೆ. ಅವಳ ದುಃಖಕ್ಕೆ ಮಾತಿದೆ.

ಇದು ಹೆಮ್ಮೆಯ ಭಾಗ. ಉಳಿದ ಭಾಗವೂ ಇದೆ. ಕೆಲವು ವರ್ಷಗಳ ಕೆಳಗೆ ನಾನು ನನ್ನ ವಿದ್ಯಾರ್ಥಿಗಳನ್ನು ಮೈಸೂರು ಸೀಮೆಯ ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದೆನು. ಕೆರೆಯ ಏರಿಯ ಕೆಳಗೆ, ಹುಣಿಸೆಯ ಮರದ ಬುಡದಲ್ಲಿ, ಸಾಲಾಗಿ ನಾಲ್ಕು ಕಲ್ಲುಗಳು ನಿಂತಿದ್ದುವು. ಒಂದೊಂದರಲ್ಲಿಯೂ ಕಂಬದಿಂದ ಹೊರಚಾಚಿದ ಒಂದು ತೋಳು, ಮೊಳಕೈಯಲ್ಲಿ ಮಡಿಸಿ ಮೇಲಕ್ಕೆತ್ತಿದ ಹಸ್ತ, ಮುಂಗೈಯಲ್ಲಿ ಬಳೆಗಳು. ಅಕ್ಷರವೊಂದೂ ಇಲ್ಲ. ಅರಿಸಿನ ಕುಂಕುಮಗಳನ್ನು ಹಚ್ಚಲು ಬಂದಿದ್ದ ಮುದುಕಿಯೊಬ್ಬಳನ್ನು ನನ್ನ ವಿದ್ಯಾರ್ಥಿಯೊಬ್ಬನು, "ಅಜ್ಜೀ, ಇವರ ಹೆಸರೇನು?" ಎಂದು ಕೇಳಿದನು.

"ಹೆಸ್ರು ಯಾರ್ಗೆ ಗೊತ್ತಪ್ಪಾ? ನಮ್ಮತ್ತೆ ಮಾಸ್ತಮ್ಮ ಅಂತಿದ್ರು, ನಾವೂ ಮಾಸ್ತಮ್ಮ ಅಂತೀವಿ."

"ನಾಲ್ವರೂ ಮಾಸ್ತಮ್ಮನೇ?"

"ನಾಲ್ಕೂ ಮಾಸ್ತಮ್ಮನೇ."

ಹುಡುಗರು ನಕ್ಕರು. ನಾನೂ ನಕ್ಕಿರಬೇಕು. ಹಿಂದಿರುಗುವ ದಾರಿಯಲ್ಲಿ ಆ ನಗೆಯು ನನಗೇ ಭಾರವಾಯಿತು. ಮಾಸ್ತಿಯೆಂದರೆ ಮಹಾಸತಿ. ಅದು ಹೆಸರಲ್ಲ, ಹೆಸರಿದ್ದ ಜಾಗವನ್ನು ತುಂಬಿದ ಶಬ್ದ. ಲ್ಯಾಟಿನ್ ಗ್ರಂಥಗಳಲ್ಲಿ ಸ್ಟಿಕಸ್ ಹೇಗೋ, ದಸ್ತಾವೇಜಿನಲ್ಲಿ "ಇಂಥವರ ಕೋಂ" ಹೇಗೋ, ಕಲ್ಲಿನಲ್ಲಿ ಮಾಸ್ತಿಯೂ ಹಾಗೆ. ಗಂಡನು ಸತ್ತ ಮೇಲೆ ಬೆಂಕಿಗೆ ಬಿದ್ದವಳೆಂಬ ಒಂದು ಸಂಗತಿಯು ಉಳಿದು, ಆಕೆಯು ಯಾರ ಮಗಳು, ತಾನಾಗಿ ಹೋದಳೋ ಇತರರು ನೂಕಿದರೋ, ಎಷ್ಟು ವರ್ಷದವಳು ಎಂಬ ಉಳಿದುದೆಲ್ಲವೂ ಅಳಿಸಿಹೋಯಿತು. ಪೂಜೆಯುಂಟು, ಆದರೆ ಪೂಜಿಸುವುದೂ ಮರೆಯುವ ಒಂದು ಬಗೆಯಾಗಬಲ್ಲುದು.

ಆದುದರಿಂದ ಬದಲಿ ಹೆಸರುಗಳನ್ನೇ ತ್ಯಜಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ರಾಮನಿಲ್ಲದೆ ಲೆಕ್ಕವಿಲ್ಲ, ದೇವದತ್ತನಿಲ್ಲದೆ ವ್ಯಾಕರಣವಿಲ್ಲ. ಲೋಕದಲ್ಲಿ ಸರ್ವರ ಹೆಸರನ್ನೂ ಬರೆದಿಡುವುದು ಸಾಧ್ಯವೂ ಅಲ್ಲ. ನಾನು ಹೇಳುವುದು ಇಷ್ಟೆ: "ಯಾರಾದರೊಬ್ಬರು" ಎಂದು ಹೇಳುವಾಗ ನಮ್ಮ ಬಾಯಿಗೆ ತಾನಾಗಿ ಬರುವ ಹೆಸರನ್ನು ಒಮ್ಮೆ ತಿರುಗಿ ನೋಡಬೇಕು. ಹೆಸರನ್ನು ತಿಳಿಯುವುದು ಸಾಧ್ಯವಿದ್ದ ಕಡೆಯಲ್ಲಿ, ಶಬ್ದವೊಂದು ಸಿಕ್ಕಿತೆಂದು ತೃಪ್ತರಾಗದೆ, ವಿಚಾರಿಸಬೇಕು. ಬಸ್ರಾದ ಸ್ಮಾರಕವನ್ನು ಕಟ್ಟಿದವರು ಮಾಡದೆ ಬಿಟ್ಟ ಕೆಲಸವೂ ಇದೇ. ಕೆರೆಯ ಏರಿಯ ಕೆಳಗೆ ನಿಂತು ನಕ್ಕ ನಾವು ಮಾಡದೆ ಬಿಟ್ಟ ಕೆಲಸವೂ ಇದೇ.

ಪಿತೃತರ್ಪಣದ ಕೊನೆಯಲ್ಲಿ ಒಂದು ವಿಧಿಯುಂಟು. ತಂದೆ, ತಾತ, ಮುತ್ತಾತಂದಿರ ಹೆಸರು ಹೇಳಿ ನೀರು ಬಿಟ್ಟಾದ ಮೇಲೆ, ಮಕ್ಕಳಿಲ್ಲದೆ, ನೆನೆಯುವವರಿಲ್ಲದೆ ಸತ್ತವರಿಗಾಗಿ, ಉಟ್ಟ ಬಟ್ಟೆಯ ಅಂಚನ್ನು ಹಿಂಡಿ ಅದರ ನೀರನ್ನು ಬಿಡುತ್ತಾರೆ. ಅಲ್ಲಿ ಹೆಸರಿಲ್ಲ, "ಅಮುಕ" ಎಂಬುದೂ ಇಲ್ಲ. ಅವರ ಹೆಸರು ತನಗೆ ತಿಳಿಯದೆಂದು ಕರ್ತೃವು ಮನಸ್ಸಿನಲ್ಲಿ ಒಪ್ಪಿಕೊಂಡೇ ಅದನ್ನು ಬಿಡುತ್ತಾನೆ. ಬಟ್ಟೆಯಿಂದ ಹಿಂಡಿದ ಆ ನಾಲ್ಕು ಹನಿಗಳಷ್ಟಾದರೂ ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಸಲ್ಲಲಿ ಎಂದು ಕೋರಿ ಈ ಭಾಷಣವನ್ನು ಮುಗಿಸುತ್ತೇನೆ.